ಮಾಲೆ ಹಾಕಿಕೊಂಡು ಬಂದವಳು

ಕಳೆದ ಮಾಗಿಯಲ್ಲಿ, ಲೀಡ್ಸಿನ ಆಸ್ಪತ್ರೆಯೊಂದರಲ್ಲಿ ನನ್ನ ಮಗಳ ತಲೆ ಹೊರಬಂದ ಕೂಡಲೇ, ಮಿಡ್‌ವೈಫ್ ಅವಳ ಕೊರಳಿಗೆ ಸುತ್ತಿಕೊಂಡಿದ್ದ ಹೊಕ್ಕುಳಬಳ್ಳಿಯ ಕೆಳಗೆ ಎರಡು ಬೆರಳು ತೂರಿಸಿ, ಸರ ತೆಗೆದಷ್ಟು ಸಲೀಸಾಗಿ ತಲೆಯ ಮೇಲಿಂದ ಜಾರಿಸಿಬಿಟ್ಟಳು. ಡಾಕ್ಟರನ್ನು ಕರೆಯಲಿಲ್ಲ. ಇದು ಸ್ಕ್ಯಾನಿನಲ್ಲಿ ಕಾಣಲಿಲ್ಲವೇ ಎಂದು ಆಮೇಲೆ ತುಸು ಸಿಟ್ಟಿನಿಂದಲೇ ಕೇಳಿದರೆ, ನಾವು ಅದನ್ನು ಹುಡುಕುವುದೇ ಇಲ್ಲ, ನಾಲ್ಕು ಮಕ್ಕಳಲ್ಲಿ ಒಂದು ಹೀಗೇ ಬರುತ್ತದೆ ಎಂದಳು.

ಊರಿಗೆ ಫೋನ್ ಮಾಡಿದಾಗ ವಿಷಯ ಬಾಯಿತಪ್ಪಿ ಬಂತು. ಅತ್ತೆ ಮಗುವಿನ ತೂಕವನ್ನೂ ಕೇಳಲಿಲ್ಲ. “ಎಣ್ಣೆಯಲ್ಲಿ ಮುಖ ನೋಡುವವರೆಗೂ ನಮ್ಮ ಹುಡುಗನಿಗೆ ವಿಡಿಯೋ ಕಾಲ್ ಮಾಡಬೇಡಿ” ಎಂದರು. ಕೊರಳಿಗೆ ಬಳ್ಳಿಯ ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲ, ಅವನು ಮೊದಲು ಅದರ ಮುಖವನ್ನು ಎಣ್ಣೆಯ ಬಟ್ಟಲಲ್ಲೇ ನೋಡಬೇಕು ಎಂಬುದು ನಂಬಿಕೆ.

ಅತ್ತೆಯ ಭಯ ಒಂದು ಬಟ್ಟಲು ಎಣ್ಣೆಯಲ್ಲಿ ಕಳೆಯುತ್ತದೆ. ನನ್ನನ್ನು ಕೆಣಕುವುದು ಬಿಳಿ ಕೋಟಿನ ಭಯ. ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ತಂಗಿಯ ಗ್ರೋತ್ ಸ್ಕ್ಯಾನಿನ ವರದಿಯಲ್ಲಿ, ಕೊರಳಿಗೆ ಬಳ್ಳಿ ಒಂದು ಸುತ್ತು ಎಂಬ ಸಾಲಿತ್ತು. ಬೆಳವಣಿಗೆ, ನೀರು, ಎದೆಬಡಿತ ಎಲ್ಲವೂ ಸರಿ ಎಂದು ಅದೇ ಹಾಳೆಯಲ್ಲಿದ್ದರೂ ಮನೆಮಂದಿಯ ಕಣ್ಣಿಗೆ ಬಿದ್ದದ್ದು ಆ ಸಾಲೊಂದೇ. “ರಿಸ್ಕ್ ಯಾಕೆ ತಗೋತೀರಿ” ಎಂಬ ಡಾಕ್ಟರಮ್ಮನ ಮಾತಿಗೆ ಭಾವ ಸಹಿ ಹಾಕಿದರು, ಮೂರನೆಯ ದಿನ ಸಿಸೇರಿಯನ್ ಆಯಿತು. ಎಲ್ಲರ ಮನಸ್ಸಿನಲ್ಲಿದ್ದದ್ದು ನೇಣಿನ ಚಿತ್ರ. ಗರ್ಭದಲ್ಲಿ ಮಗು ಗಂಟಲಿನಿಂದ ಉಸಿರಾಡುವುದಿಲ್ಲ, ಆಮ್ಲಜನಕ ಬಳ್ಳಿಯ ರಕ್ತದಲ್ಲೇ ಬರುತ್ತದೆ, ರಕ್ತನಾಳಗಳನ್ನು ಒತ್ತಡದಿಂದ ಕಾಯಲು ಬಳ್ಳಿಯೊಳಗೆ ಲೋಳೆಯ ಮೆತ್ತೆಯಿದೆ, ಇಂದಿನ ಸುತ್ತು ಮಗು ಹೊರಳಿದರೆ ನಾಳೆ ಬಿಚ್ಚಿಕೊಂಡೀತು ಎಂದು ಹೇಳಲು ಐದು ನಿಮಿಷ ಸಾಕಿತ್ತು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ನಾವು, ಅಂಥ ಬೆರಳುಗಳ ತಿಳಿವಳಿಕೆಯನ್ನು ಹೆರಿಗೆ ಕೋಣೆಯ ಹೊರಗೇ ನಿಲ್ಲಿಸಿದ್ದೇವೆ.

ಬಳ್ಳಿ ಬಿಗಿದು ಎದೆಬಡಿತ ಇಳಿದರೆ ಆಪರೇಷನ್ ಬೇಕಾಗಬಹುದು, ಅದರಲ್ಲಿ ತಕರಾರಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ. 31.5 ಇತ್ತು, ಇಂಗ್ಲೆಂಡಿನಲ್ಲಿ ಈಗ ಶೇ. 40ನ್ನೂ ದಾಟಿದೆ, ಇದನ್ನು ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ. ಇನ್ನೊಂದನ್ನೂ ಹೇಳಬೇಕು. ಇಲ್ಲಿ 20ನೇ ವಾರದ ಸ್ಕ್ಯಾನೇ ನಮಗೆ ಕೊನೆಯದು, ಆಮೇಲೆ ಪ್ರತಿ ಭೇಟಿಗೂ ಹೊಸ ಮುಖ. ಎಂಟನೆಯ ತಿಂಗಳಲ್ಲಿ ಒಂದು ಸಂಜೆ ಮಗು ಒದೆಯುತ್ತಿಲ್ಲವೆಂದು ಹೆಂಡತಿ ಅಳುತ್ತ ಕೂತಾಗ ನನ್ನ ಕೈ ಹೋದದ್ದು ತಂಗಿಗೆ ಆಪರೇಷನ್ ಮಾಡಿದ ಅದೇ ಡಾಕ್ಟರಮ್ಮನ ವಾಟ್ಸಾಪಿಗೆ. “ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ” ಎಂದು ಎರಡೇ ನಿಮಿಷದಲ್ಲಿ ಉತ್ತರ ಬಂತು. ದಾವಣಗೆರೆಯಲ್ಲಿ ಆಗ ನಡುರಾತ್ರಿ.