ಸುಡೋ ಅಂದ್ರೆ ಸುಡೋದಲ್ಲ, ಅಮ್ಮ

ನಮ್ಮ ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದ್ರೆ ಪ್ರೊಸೆಸರ್ ಹಳೆಯದು, ಆಗಲ್ಲ ಅಂತು. "ವಿಂಡೋಸ್ ಬದಲಿಗೆ ಲಿನಕ್ಸ್ ಹಾಕು ಮಗಾ, ಫ್ರೀ" ಅಂದ ಆಫೀಸಿನ ಗೆಳೆಯ. ಒಂದು ಶನಿವಾರ ಪೆನ್‌ಡ್ರೈವ್ ತಂದು ಅದರದೇ ಒಂದು ನಮೂನೆ, ಲಿನಕ್ಸ್ ಮಿಂಟ್, ಹಾಕಿಯೂ ಕೊಟ್ಟ. ಫಿಲ್ಟರ್ ಕಾಫಿ ಕುಡಿದು, ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಹೊರಟುಹೋದ.

"ಏನೋ ಹಾಕಿಸಿದೆಯಂತೆ?" ಅಂದಳು ಅಮ್ಮ.

"ಮಿಂಟ್ ಅಮ್ಮ."

"ಪುದೀನಾನಾ? ಯಾಕೆ, ವಾಸನೆ ಬರ್ತಿತ್ತಾ?"

ಎಲ್ಲಾ ಚೆನ್ನಾಗಿತ್ತು. ವಾಲ್‌ಪೇಪರ್ ಚೆನ್ನಾಗಿತ್ತು, ಗಡಿಯಾರ ಸರಿಯಾಗಿ ಓಡುತ್ತಿತ್ತು. ವೈಫೈ ಮಾತ್ರ ಇರಲಿಲ್ಲ. ಸಿಗ್ನಲ್ ಕಮ್ಮಿ ಅಂತಲ್ಲ, ವೈಫೈ ಅನ್ನೋ ವಸ್ತು ಈ ಭೂಮಿ ಮೇಲೆ ಇದೆ ಅನ್ನುವುದೇ ಲ್ಯಾಪ್‌ಟಾಪಿಗೆ ಗೊತ್ತಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ. "ಡ್ರೈವರ್ ಇಲ್ಲ ಕಣೋ, ವೈಫೈ ಓಡಿಸೋ ಸಾಫ್ಟ್‌ವೇರ್, ಅಷ್ಟೇ" ಅಂದ. ನನ್ನದು ಬೆಂಗಳೂರಿನ ಹನುಮಂತನಗರ. ಸಂಜೆ ಹೊತ್ತು ಡ್ರೈವರ್ ಸಿಗದಿರೋದು ನಮಗೇನು ಹೊಸದಲ್ಲ. ಆದರೆ ಈ ಡ್ರೈವರ್ ಇಂಟರ್ನೆಟ್‌ನಲ್ಲಿ ಇರುತ್ತಾನೆ. ಇಂಟರ್ನೆಟ್ ಬರಬೇಕಾದರೆ ಅವನೇ ಬರಬೇಕು. ಹಾಕಿದ ಪೆನ್‌ಡ್ರೈವ್ ಇದ್ದರೆ ಅದರಿಂದಲೂ ಸಿಗುತ್ತಿತ್ತಂತೆ. ಅದು ಆಗಲೇ ಮೆಟ್ರೋ ಹತ್ತಿ ಹೋಗಿತ್ತು.

ಎಸ್.ಪಿ. ರಸ್ತೆಗೆ ಹೋಗಿ ಯುಎಸ್‌ಬಿಗೆ ಚುಚ್ಚುವ ಒಂದು ವೈಫೈ ಡಾಂಗಲ್ ತಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಶನಿವಾರ ಸಂಜೆ ಟೌನ್‌ಹಾಲ್ ದಾಟುವ ಧೈರ್ಯ ಬರಲಿಲ್ಲ. ಲ್ಯಾನ್ ಕೇಬಲ್ ಚುಚ್ಚೋಣ ಅಂದ್ರೆ ಈ ತೆಳ್ಳನೆ ಲ್ಯಾಪ್‌ಟಾಪಿನಲ್ಲಿ ಅದರ ತೂತೇ ಇಲ್ಲ. ಸರಿ, ನಾನೇ ರಿಪೇರಿ ಮಾಡ್ತೀನಿ ಅಂತ ಕೂತೆ. 1991ರಲ್ಲಿ ಈ ಲಿನಕ್ಸನ್ನು ಶುರು ಮಾಡಿದಾಗ ಲೀನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ, ಸುಮ್ನೆ ಹವ್ಯಾಸಕ್ಕೆ ಅಂತ ಮಾಡಿದ್ದು. ನನಗೆ 41. ಒಂದು ವೈಫೈ ಹತ್ತಿಸೋಕೆ ಆಗಲ್ವಾ?

ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದೆ. ನನಗೆ ಟೈಪ್ ಮಾಡುವಾಗ ಬಾಯಿಬಿಟ್ಟು ಹೇಳುವ ಅಭ್ಯಾಸ. "ಸುಡೋ... ಸುಡೋ..." ಅನ್ನುತ್ತಿದ್ದಂತೆ ಅಡುಗೆಮನೆಯಿಂದ ಅಮ್ಮ ಓಡಿಬಂದಳು.

"ಏನು ಸುಡ್ತಾ ಇದೀಯೋ? ಯಾರಿಗೆ ಹೇಳ್ತಿದೀಯ?"

"ಸುಡೋ ಅಂದ್ರೆ ಸುಡೋದಲ್ಲ ಅಮ್ಮ. ಪಾಸ್‌ವರ್ಡ್ ಕೊಟ್ಟು ಈ ಮಷೀನಿನ ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸೋದು. ಸೂಪರ್ ಯೂಸರ್ ಅಂತ."

ಸೂಪರ್ ಯೂಸರ್ ಯಾರು ಅಂತ ನನ್ನನ್ನೇ ಒಮ್ಮೆ ನೋಡಿ ಒಳಗೆ ಹೋದಳು.

ಯಜಮಾನನ ಅಧಿಕಾರ ಸಿಕ್ಕಿದ ಮೇಲೆ ಸುಮ್ನೆ ಕೂರೋಕಾಗುತ್ತಾ? ರಿಸಾಲ್ವ್ ಕಾನ್ಫ್ ಅಂತ ಒಂದು ಫೈಲ್ ಸಿಕ್ಕಿತು. ಅದರಲ್ಲಿ 127.0.0.53 ಅಂತ ಯಾವುದೋ ವಿಳಾಸ. ಇದ್ಯಾರ ಮನೆ ನಂಬರು? ತಪ್ಪಿರಬೇಕು ಅಂತ ಅಳಿಸಿ, ಯಾರೋ ಬರೆದಿದ್ದ ಬೇರೆ ಸಾಲು ಹಾಕಿದೆ. ಸ್ಪೆಲಿಂಗ್ ತಪ್ಪಾಗಿ. ಆ ನಂಬರು ಲ್ಯಾಪ್‌ಟಾಪಿನ ಸ್ವಂತ ವಿಳಾಸವೇ ಅಂತ ಆಮೇಲೆ ಗೊತ್ತಾಯಿತು. ಫೈಲಿನ ತಲೆಯ ಮೇಲೇ 'ಇದನ್ನು ತಿದ್ದಬೇಡಿ' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನೋಡಿದ್ದೆ. ಆದರೆ 'ಇಲ್ಲಿ ಕಸ ಹಾಕಬಾರದು' ಬೋರ್ಡಿನ ಬುಡಕ್ಕೇ ಕಸ ಹಾಕುವ ಊರಿನವನು ನಾನು.

ಕೊನೆಗೆ ಗೆಳೆಯನೇ ದಾರಿ ಹೇಳಿದ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪಿಗೆ ಬರುತ್ತೆ, ಈ ಡ್ರೈವರ್ ಗೊಡವೆಯೇ ಬೇಡ. ನನ್ನ ಫೋನಿನ ಪೋರ್ಟ್ ಲೂಸ್, ಚಾರ್ಜ್ ಬಿಟ್ಟು ಇನ್ನೇನೂ ಹೋಗಲ್ಲ. ಉಳಿದದ್ದು ಅಮ್ಮನ ಫೋನು. ಅವಳು ಫೋನಿನಲ್ಲಿ ವೈಫೈ ಆನ್ ಮಾಡುವುದೇ ಇಲ್ಲ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ. ದಿನದ ಒಂದೂವರೆ ಜಿಬಿಯಲ್ಲೇ ಸಂಸಾರ. ಅದರಲ್ಲಿ ಮುಕ್ಕಾಲು ಪಾಲು ರಾತ್ರಿ ಎಂಟರ ಧಾರಾವಾಹಿಗೆ ಮೀಸಲು.

"ಐದೇ ನಿಮಿಷ ಅಮ್ಮ" ಅಂತ ಇಸಕೊಂಡೆ.

ಜೋಡಿಸಿದೆ. ಬಂತು ಅಂತ ತೋರಿಸಿತು. ಆದರೆ ಒಂದು ಪುಟವೂ ತೆರೆಯಲಿಲ್ಲ. ವಿಚಿತ್ರ ಅಂದ್ರೆ, ಗೂಗಲ್‌ನ ನಂಬರು 8.8.8.8ಕ್ಕೆ ಪಿಂಗ್ ಕಳಿಸಿದರೆ, ಅಂದ್ರೆ 'ಇದೀಯಾ?' ಅಂತ ಕೇಳಿದರೆ, ಉತ್ತರ ಬರುತ್ತಿತ್ತು. ಹೆಸರು ಹಿಡಿದು ಕರೆದರೆ ಯಾರೂ ಓಗೊಡುತ್ತಿರಲಿಲ್ಲ. ನಮ್ಮ ಕ್ರಾಸಿನ ಮೂಲೆಯಲ್ಲಿ ಒಬ್ಬರು ಇಸ್ತ್ರಿ ಗಾಡಿಯವರಿದ್ದಾರೆ. ಕೊರಿಯರ್ ಹುಡುಗರು ಹೆಸರು ಹೇಳಿದರೆ ಮನೆ ನಂಬರ್ ಹೇಳೋದು ಅವರೇ. ಅವರು ಊರಿಗೆ ಹೋದ ದಿನ ನಮಗೆ ಪಾರ್ಸಲ್ ಬರಲ್ಲ. ಇಂಟರ್ನೆಟ್‌ನಲ್ಲಿ ಆ ಕೆಲಸ ಡಿಎನ್‌ಎಸ್‌ನದು. ಆ ಫೈಲಿನ ಸಾಲು ಅಳಿಸಿ, ನನ್ನ ಲ್ಯಾಪ್‌ಟಾಪಿನ ಇಸ್ತ್ರಿಯವರನ್ನು ಅರ್ಧ ಗಂಟೆ ಹಿಂದೆ ನಾನೇ ಊರಿಗೆ ಕಳಿಸಿದ್ದೆ.

ಏನೇನೋ ಮಾಡಿ, ಏನೂ ತೋಚದೆ ಕೊನೆಗೆ ರೀಸ್ಟಾರ್ಟ್ ಮಾಡಿದೆ. ಆ ಫೈಲು ತಾನೇ ಮೊದಲಿನಂತಾಗಿ ಕೂತಿತು. ನನ್ನಂಥವರು ಬರ್ತಾರೆ ಅಂತ ಮಾಡಿದವರಿಗೆ ಗೊತ್ತಿತ್ತು ಅನ್ಸುತ್ತೆ. ಡ್ರೈವರ್ ಮ್ಯಾನೇಜರ್ ತೆರೆದೆ, ಡ್ರೈವರ್ ಸಿಕ್ಕ, ಎರಡು ನಿಮಿಷದಲ್ಲಿ ಕೂತ. ಇನ್ನೊಂದು ರೀಸ್ಟಾರ್ಟ್. ವೈಫೈ ಪಟ್ಟಿ ಬಂತು. ನಮ್ಮದು, ಮೇಲಿನ ಮನೆಯವರದು, ಎದುರು ಪಿಜಿಯದು. ಜೀವನದಲ್ಲಿ ಪಕ್ಕದ ಮನೆಯವರ ಹೆಸರು ನೋಡಿ ಅಷ್ಟು ಖುಷಿಪಟ್ಟಿರಲಿಲ್ಲ.

ಆ ಖುಷಿಯಲ್ಲಿ ಅಪ್‌ಡೇಟ್ ಮ್ಯಾನೇಜರ್ 'ಎಲ್ಲಾ ಹಾಕಲಾ?' ಅಂದಾಗ 'ಹಾಕು' ಅಂದುಬಿಟ್ಟೆ. ಕೇಬಲ್ ತೆಗೆದಿರಲಿಲ್ಲ. ಟೆದರಿಂಗೂ ಆನ್ ಇತ್ತು. ಲಿನಕ್ಸು ವೈಫೈಗಿಂತ ಕೇಬಲ್‌ಗೇ ಮೊದಲ ಮರ್ಯಾದೆ ಕೊಡುತ್ತದೆ. ಈ ವಿಷಯ ಗೊತ್ತಾಗಿದ್ದು ಎಂಟು ಗಂಟೆಗೆ.

ಧಾರಾವಾಹಿಯ ನಾಯಕಿ ಬಾಗಿಲು ತೆರೆಯುವಷ್ಟರಲ್ಲಿ ನಿಂತಳು. ಅವಳ ಮೂಗಿನ ಮೇಲೆ ಒಂದು ಚಕ್ರ ಸುತ್ತತೊಡಗಿತು. ಜತೆಗೆ ಮೆಸೇಜು: ಇಂದಿನ ಡೇಟಾ ಪೂರ್ತಿ ಬಳಕೆಯಾಗಿದೆ.

"ವೈಫೈ ಆನ್ ಮಾಡಮ್ಮಾ, ಈಗ ಬರ್ತಿದೆ" ಅಂದೆ, ಸಣ್ಣ ದನಿಯಲ್ಲಿ.

ಅಮ್ಮ ಲ್ಯಾಪ್‌ಟಾಪ್ ನೋಡಿದಳು, ನನ್ನನ್ನು ನೋಡಿದಳು.

"ಸುಡೋ ಅದನ್ನ!"

ಪಾಸ್‌ವರ್ಡ್ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.