ಬೈಯುವವರೆಲ್ಲ ಅಭಿಮಾನಿಗಳೇ

ಅಮೆರಿಕದ ಗಿಟಾರ್ ವಾದಕ ಜೋ ಬೊನಮಾಸಾ ಇಷ್ಟವಿಲ್ಲದವರು ಅವನ ಸುದ್ದಿಗೇ ಹೋಗುವುದಿಲ್ಲ. ಕೂತಲ್ಲಿ ನಿಂತಲ್ಲಿ ಅವನನ್ನು ಬೈಯುವವರೆಲ್ಲ ಅವನ ಅಭಿಮಾನಿಗಳೇ. ಬ್ಲೂಸ್-ರಾಕ್ (ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತಕ್ಕೆ ರಾಕ್ ಬೆರೆತದ್ದು) ಗಿಟಾರಿನ ಲೋಕದಲ್ಲಿ ಈ ವೈಚಿತ್ರ್ಯ ಬೇರೆ ಯಾರ ವಿಷಯದಲ್ಲೂ ಇಷ್ಟು ಢಾಳಾಗಿ ಕಾಣುವುದಿಲ್ಲ. ಇದೇ ಲೋಕದ ಗಿಟಾರ್ ವಾದಕ ಸ್ಟೀವಿ ರೇ ವಾನ್ 1990ರ ಆಗಸ್ಟ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. ಅಂದಿನಿಂದ ಅವನ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಬ್ಲೂಸ್‌ನ ಹಿರಿಯ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರಂತೂ ಬದುಕಿದ್ದಾಗಲೇ ದೇವರ ಸಾಲಿಗೆ ಸೇರಿಹೋಗಿದ್ದರು. ಬೊನಮಾಸಾನ ಅಪರಾಧವೇನೆಂದರೆ ಅವನು ಗಟ್ಟಿಮುಟ್ಟಾಗಿದ್ದಾನೆ, ದೇಶ ದೇಶ ಸುತ್ತುತ್ತಾನೆ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಬ್ಲೂಸ್ ಆಲ್ಬಂ ಪಟ್ಟಿಯಲ್ಲಿ 20ಕ್ಕೂ ಹೆಚ್ಚು ಸಲ ಮೊದಲ ಸ್ಥಾನಕ್ಕೆ ಬಂದು ಕೂತಿದ್ದಾನೆ. ಇಷ್ಟೆಲ್ಲ ಮಾಡಿದವನನ್ನು ಸುಮ್ಮನೆ ಬಿಡುವುದಕ್ಕಾಗುತ್ತದೆಯೇ?

ನಾನೂ ಅದೇ ಹಿಂಡಿನವನು. ಈ ಅಭಿಮಾನದಿಂದ ನನಗೆ ಸುಖ ಎಷ್ಟು ಸಿಕ್ಕಿದೆಯೋ ಪಜೀತಿಯೂ ಅಷ್ಟೇ ಸಿಕ್ಕಿದೆ. ಸುಖಕ್ಕೆ ಕಾರಣ ಬೊನಮಾಸಾ, ಪಜೀತಿಗೆ ಕಾರಣ ಉಳಿದ ಅಭಿಮಾನಿಗಳು.

ಅವನ ಮೇಲಿರುವ ಬಹು ಹಳೆಯ ದೂರು, ಅವನು ಸ್ವರಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತಾನೆ ಎಂಬುದು. ನನ್ನ ಗೆಳೆಯನೊಬ್ಬ ಈ ಪಂಥದ ಮಠಾಧಿಪತಿ. ಬ್ಲೂಸ್‌ನ ಚೌಕಟ್ಟು ಚಿಕ್ಕದು: ಹನ್ನೆರಡು ಬಾರ್ (ತಾಳದ ಆವರ್ತನ), ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಬೆರಳೆಣಿಕೆಯ ಸ್ವರಗಳು. ಎಲ್ಲ ಕಲಾವಿದರಿಗೂ ಸಿಗುವ ಸಾಮಾನು ಇಷ್ಟೇ. ಹಾಗಾಗಿ ಕೇಳುಗರ ಕಿವಿಯೆಲ್ಲ ತಂತಿಯನ್ನು ಬೆರಳಿನಿಂದ ಎಷ್ಟು ಬಾಗಿಸಿದ, ಸ್ವರವನ್ನು ಎಲ್ಲಿಯವರೆಗೆ ಎಳೆದ, ಎಲ್ಲಿ ಸುಮ್ಮನಾದ ಎಂಬುದರ ಮೇಲೆಯೇ ಇರುತ್ತದೆ. ಗೆಳೆಯನ ಪ್ರಕಾರ ಬಿ.ಬಿ. ಕಿಂಗ್ ಒಂದೇ ಸ್ವರದಲ್ಲಿ ಹೇಳಿ ಮುಗಿಸುತ್ತಿದ್ದುದನ್ನು ಹೇಳುವುದಕ್ಕೆ ಬೊನಮಾಸಾನಿಗೆ ನಲವತ್ತು ಸ್ವರ ಬೇಕು. ಈ ಮಾತನ್ನು ನನ್ನ ಗೆಳೆಯ ಒಂದೇ ವಾಕ್ಯದಲ್ಲಿ ಹೇಳಿದ ಉದಾಹರಣೆಯಿಲ್ಲ. ಕನಿಷ್ಠ ಮುಕ್ಕಾಲು ಗಂಟೆ ಬೇಕು.

ತಮಾಷೆಯೆಂದರೆ ನನ್ನ ಕಡೆಯ ಸಾಕ್ಷಿಯೂ ಬಿ.ಬಿ. ಕಿಂಗ್ ಅವರೇ. 1977ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಬೊನಮಾಸಾ, ಹನ್ನೆರಡನೆಯ ವಯಸ್ಸಿಗೇ ಕಿಂಗ್ ಅವರ ಕಛೇರಿಗಳಲ್ಲಿ ಅವರಿಗಿಂತ ಮೊದಲು ವೇದಿಕೆಯೇರಿ ನುಡಿಸಿದವನು. ಸಾಕ್ಷಾತ್ ಕಿಂಗ್ ಅವರೇ ಒಪ್ಪಿ ಕರೆದುಕೊಂಡ ಹುಡುಗನನ್ನು ಒಪ್ಪದಿರಲು ನೀನು ಯಾರು ಎಂದು ಕೇಳಿದರೆ ಗೆಳೆಯನ ಉತ್ತರ ಸಿದ್ಧವಾಗಿದೆ: "ಆಗ ಬೆರಳು ಚಿಕ್ಕದಾಗಿದ್ದವು. ಸ್ವರ ಕಡಿಮೆ ಬರುತ್ತಿದ್ದವು."

ಈ ವಾದ ಫೋನಿನಲ್ಲಿ ನಡೆಯುವಾಗಲೆಲ್ಲ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಬ್ಲೂಸ್‌ನ ಚರಿತ್ರೆಯಲ್ಲಿ ಇದು ದೊಡ್ಡ ನಷ್ಟವಲ್ಲ, ಬಿಡಿ. 1949ರಲ್ಲಿ ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಊರಿನಲ್ಲಿ ಕಿಂಗ್ ನುಡಿಸುತ್ತಿದ್ದಾಗ ಇಬ್ಬರು ಜಗಳಕ್ಕೆ ಬಿದ್ದು, ಚಳಿಗೆಂದು ಉರಿಯುತ್ತಿದ್ದ ಸೀಮೆಎಣ್ಣೆಯ ಪೀಪಾಯಿ ಉರುಳಿ, ಕುಣಿತದ ಮನೆಯೇ ಸುಟ್ಟುಹೋಯಿತು. ಹೊರಗೆ ಓಡಿಬಂದ ಕಿಂಗ್, ಗಿಟಾರ್ ಒಳಗೇ ಉಳಿಯಿತೆಂದು ಮತ್ತೆ ಬೆಂಕಿಗೆ ನುಗ್ಗಿದರು. ಆ ಜಗಳ ಲೂಸಿಲ್ ಎಂಬ ಹೆಣ್ಣಿನ ಸಲುವಾಗಿ ಎಂದು ಆಮೇಲೆ ತಿಳಿದು, ಇಂಥ ಹುಚ್ಚುತನ ಇನ್ನೊಮ್ಮೆ ಮಾಡಬಾರದೆಂದು ನೆನಪಿಗಾಗಿ ಗಿಟಾರಿಗೆ ಆ ಹೆಸರನ್ನೇ ಇಟ್ಟರು. ನನ್ನ ಹೆಂಡತಿಗೆ ಈ ಕಥೆಯನ್ನೆಲ್ಲ ವಿವರಿಸಿದೆ. ಅವಳು ಸೀದುಹೋದ ಪಾತ್ರೆಯನ್ನು ನನ್ನ ಮುಂದಿಟ್ಟು, "ಇದಕ್ಕೆ ಯಾರ ಹೆಸರಿಡುತ್ತೀರಿ?" ಎಂದು ಕೇಳಿದಳು.

ಮಠಾಧಿಪತಿಯನ್ನು ಒಮ್ಮೆ ಪರೀಕ್ಷೆಗೆ ಒಡ್ಡಿದ್ದೂ ಉಂಟು. 2009ರ ಮೇ 4ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬೊನಮಾಸಾನ ಕಾರ್ಯಕ್ರಮ ನಡೆಯಿತು. ನಡುವೆ ಇಂಗ್ಲೆಂಡಿನ ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅತಿಥಿಯಾಗಿ ಬಂದು ಒಂದು ಹಾಡಿಗೆ ಜೊತೆಯಾದರು. ಆ ಹಾಡನ್ನು ಚಿತ್ರವಿಲ್ಲದೆ, ಬರೀ ಧ್ವನಿಯಲ್ಲಿ ಕೇಳಿಸಿದೆ. ಗೆಳೆಯ ಕಣ್ಣು ಮುಚ್ಚಿಕೊಂಡು ತಲೆದೂಗಿದ. "ಇದು ನೋಡು ಕ್ಲಾಪ್ಟನ್! ಸ್ವರ ಸ್ವರದ ನಡುವೆ ಹೇಗೆ ಉಸಿರು ಬಿಟ್ಟಿದ್ದಾರೆ!" ಎಂದ. ಅದೇ ಜಾಗವನ್ನು ಚಿತ್ರದ ಸಮೇತ ತೋರಿಸಿದೆ. ನುಡಿಸುತ್ತಿದ್ದವನು ಸೂಟು ಹಾಕಿದ ಬೊನಮಾಸಾ. ಕ್ಲಾಪ್ಟನ್ ಪಕ್ಕದಲ್ಲಿ ನಿಂತು ತಾಳಕ್ಕೆ ಕಾರ್ಡ್ ಹಿಡಿದಿದ್ದರು. ಗೆಳೆಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ದೊಡ್ಡವರು ಪಕ್ಕದಲ್ಲಿದ್ದಾರೆಂದು ಹುಡುಗ ಮರ್ಯಾದೆಯಿಂದ ನಡೆದುಕೊಂಡಿದ್ದಾನೆ" ಎಂದ. ಇಂಥವರನ್ನು ಸೋಲಿಸುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಎರಡನೆಯ ಪಂಥಕ್ಕೆ ಸ್ವರಗಳ ಗೊಡವೆಯಿಲ್ಲ, ಅವರಿಗೆ ಬೇಕಾದದ್ದು ದುಃಖ. ಬ್ಲೂಸ್ ಹುಟ್ಟಿದ್ದೇ ನೋವಿನಲ್ಲಿ, ಇವನಿಗೆ ಯಾವ ನೋವು ಎಂದು ಕೇಳುತ್ತಾರೆ. ತಂದೆತಾಯಿ ಗಿಟಾರ್ ಅಂಗಡಿ ನಡೆಸುತ್ತಿದ್ದರು, ನಾಲ್ಕನೆಯ ವಯಸ್ಸಿಗೆ ಕೈಗೆ ಗಿಟಾರ್ ಬಂತು. ಈಗ ಲಾಸ್ ಏಂಜಲೀಸ್‌ನ ಮನೆಗೆ ನರ್ಡ್‌ವಿಲ್ ಎಂದು ಹೆಸರಿಟ್ಟು, ನೂರಾರು ಹಳೆಯ ಗಿಟಾರ್‌ಗಳನ್ನೂ ಆಂಪ್ಲಿಫೈಯರ್‌ಗಳನ್ನೂ ತುಂಬಿಕೊಂಡಿದ್ದಾನೆ. ಗಿಬ್ಸನ್ ಕಂಪನಿ 1958ರಿಂದ 1960ರ ನಡುವೆ ಮಾಡಿದ ಸನ್‌ಬರ್ಸ್ಟ್ ಲೆಸ್ ಪಾಲ್ ಗಿಟಾರ್‌ಗಳು ಒಂದೊಂದೂ ಇಂದು ಲಕ್ಷಾಂತರ ಡಾಲರ್ ಬಾಳುತ್ತವೆ. ಒಂದಾದರೂ ಇದ್ದರೆ ಜನ್ಮ ಸಾರ್ಥಕ ಎಂದು ಲೋಕವೆಲ್ಲ ಹಂಬಲಿಸುವಾಗ ಇವನ ಹತ್ತಿರ ಅವು ಹಲವು ಇವೆ. ಇಂಥವನು ಅತ್ತರೆ ಯಾರು ನಂಬುತ್ತಾರೆ?

ಈ ಲೆಕ್ಕದಲ್ಲಿ ಬ್ಲೂಸ್‌ನ ತವರಾದ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 1999ರಲ್ಲಿ ಹುಟ್ಟಿದ ಗಿಟಾರ್ ವಾದಕ ಕಿಂಗ್‌ಫಿಶ್ ಇಂಗ್ರಮ್‌ಗೆ ಹುಟ್ಟಿದ ಊರಿಗೇ ಪೂರ್ಣ ಅಂಕ. ಸರಿ. ಆದರೆ ಕ್ಲಾಪ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಸರ್ರಿಯ ರಿಪ್ಲಿ ಎಂಬ ಹಳ್ಳಿಯಲ್ಲಿ, ಬ್ಲೂಸ್ ನುಡಿಸಿ ಹೆಸರಾದ ಪೀಟರ್ ಗ್ರೀನ್ ಲಂಡನ್ನಿನವನು, ರೋರಿ ಗ್ಯಾಲಹರ್ ಐರ್ಲೆಂಡಿನವನು. ಅವರ ಹತ್ತಿರ ಯಾರೂ ದುಃಖದ ಪ್ರಮಾಣಪತ್ರ ಕೇಳಿದ್ದಿಲ್ಲ. ಬೊನಮಾಸಾ ತಾನು ಬ್ಲೂಸ್‌ಗೆ ಬಂದದ್ದೇ ಈ ಕಡಲಾಚೆಯವರ ದಾರಿ ಹಿಡಿದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಇಷ್ಟು ಪ್ರಾಮಾಣಿಕತೆಗಾದರೂ ನಾಲ್ಕು ಅಂಕ ಕೊಡಬಹುದು ಎಂದು ನಾನು ವಾದಿಸಿದೆ. ವಾದ ಎಲ್ಲಿಗೋ ಹೋಗಿ, ಹಾಗಾದರೆ ನಮ್ಮಲ್ಲಿ ಬ್ಲೂಸ್ ನುಡಿಸುವಷ್ಟು ದುಃಖ ಯಾರಿಗಿದೆ ಎಂಬಲ್ಲಿಗೆ ಬಂದು ನಿಂತಿತು. ಒಬ್ಬ ಮನೆಸಾಲ ಎಂದ. ಇನ್ನೊಬ್ಬ ಬೆನ್ನುನೋವು ಎಂದ. ಮತ್ತೊಬ್ಬ ತನ್ನ ಮೇಲಧಿಕಾರಿಯ ಸ್ವಭಾವವನ್ನು ಸವಿಸ್ತಾರವಾಗಿ ಬಣ್ಣಿಸಿದ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಸ್ವಲ್ಪ ಇರಿ, ನಿಮ್ಮ ಲೋಟಗಳನ್ನೆಲ್ಲ ತೊಳೆದು ಬಂದು ಆ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ." ಸಭೆ ಆ ದಿನಕ್ಕೆ ಮುಕ್ತಾಯವಾಯಿತು.

ಅವನ ಸೂಟು ಮತ್ತು ಕಪ್ಪು ಕನ್ನಡಕದ ಬಗ್ಗೆಯೂ ಎರಡು ಬಣಗಳಿವೆ. ಮೊದಲು ಜೀನ್ಸ್ ತೊಟ್ಟು ಬರುತ್ತಿದ್ದ, ಆಗ ಚೆನ್ನಾಗಿದ್ದ ಎನ್ನುವವರು ಒಂದು ಕಡೆ. ಟಿಕೆಟ್ ಕೊಂಡು ಬಂದವರ ಮುಂದೆ ನೆಟ್ಟಗೆ ಉಡುಪು ತೊಡುವುದು ಸೌಜನ್ಯ ಎನ್ನುವವರು ಇನ್ನೊಂದು ಕಡೆ. ಮೂರನೆಯ ಬಣ ನಮ್ಮ ಅತ್ತೆಯವರದು, ಅದರಲ್ಲಿ ಅವರೊಬ್ಬರೇ ಇದ್ದಾರೆ. ಕತ್ತಲೆಯ ವೇದಿಕೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವನನ್ನು ಟಿ.ವಿ.ಯಲ್ಲಿ ಒಂದಷ್ಟು ಹೊತ್ತು ನೋಡಿ, "ಇವರಿಗೆ ಪೊರೆಯ ಆಪರೇಷನ್ ಆಗಿ ಎಷ್ಟು ದಿನವಾಯಿತು?" ಎಂದು ಕೇಳಿದರು. ಇಲ್ಲ, ಅದು ಅವನ ಶೈಲಿ ಎಂದರೆ ಒಪ್ಪಲಿಲ್ಲ. "ಪಾಪ, ಇಷ್ಟು ಬೇಗ ಕೆಲಸಕ್ಕೆ ಬರಬಾರದಿತ್ತು. ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತಿದೆ" ಎಂದು ನೊಂದುಕೊಂಡರು. ಈಗಲೂ ಫೋನ್ ಮಾಡಿದಾಗಲೆಲ್ಲ ಮೊಮ್ಮಕ್ಕಳ ಕ್ಷೇಮ ವಿಚಾರಿಸಿದ ಮೇಲೆ ಅವನ ಕಣ್ಣಿನ ಬಗ್ಗೆ ಕೇಳುತ್ತಾರೆ. ನಾನು ಕೇಳಿದ ಅಭಿಪ್ರಾಯಗಳಲ್ಲೆಲ್ಲ ಬೊನಮಾಸಾನ ಮೇಲೆ ಇಷ್ಟು ಕರುಣೆ ತೋರಿದ್ದು ಇದೊಂದೇ.

ಇನ್ನು ಕಛೇರಿಯನ್ನೇ ಧ್ವನಿಮುದ್ರಿಸಿ ಹೊರತರುವ ಲೈವ್ ಆಲ್ಬಂಗಳ ವಿಷಯ. ಇಲ್ಲಿ ಮಾತ್ರ ನಾನು ಅವನ ಪರ ವಕಾಲತ್ತು ವಹಿಸಲಾರೆ. ಆಲ್ಬರ್ಟ್ ಹಾಲ್ ಆಯಿತು, ನ್ಯೂಯಾರ್ಕಿನ ಬೀಕನ್ ಥಿಯೇಟರ್ ಆಯಿತು, ವಿಯೆನ್ನಾದ ಒಪೆರಾ ಹೌಸ್ ಆಯಿತು. ಕೊಲೊರಾಡೊದ ರೆಡ್ ರಾಕ್ಸ್, ರೇಡಿಯೊ ಸಿಟಿ, ಗ್ರೀಕ್ ಥಿಯೇಟರ್, ಕಾರ್ನೆಗೀ ಹಾಲ್, ಸಿಡ್ನಿ ಒಪೆರಾ ಹೌಸ್, ಹಾಲಿವುಡ್ ಬೌಲ್ ಎಲ್ಲವೂ ಆದವು. 2013ರಲ್ಲಿ ಲಂಡನ್ ಒಂದರಲ್ಲೇ ಪುಟ್ಟ ಕ್ಲಬ್ಬಿನಿಂದ ಹಿಡಿದು ಆಲ್ಬರ್ಟ್ ಹಾಲ್‌ವರೆಗೆ ನಾಲ್ಕು ಸಭಾಂಗಣಗಳಲ್ಲಿ ನುಡಿಸಿ, ನಾಲ್ಕು ರಾತ್ರಿಗಳನ್ನೂ ಬೇರೆ ಬೇರೆಯಾಗಿ ಬಿಡುಗಡೆ ಮಾಡಿದ. ಕೊರೋನಾ ಸೋಂಕಿನ ಕಾಲದಲ್ಲಾದರೂ ಬಿಡುವು ಸಿಗಬಹುದು ಎಂದುಕೊಂಡರೆ, ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಕುರ್ಚಿಗಳ ಮೇಲೆ ಅಭಿಮಾನಿಗಳ ರಟ್ಟಿನ ಚಿತ್ರಗಳನ್ನು ಕೂರಿಸಿಕೊಂಡು ನುಡಿಸಿ ಅದನ್ನೂ ಆಲ್ಬಂ ಮಾಡಿದ. ಬೊನಮಾಸಾನ ಕಛೇರಿಯನ್ನು ಅಭಿಪ್ರಾಯವಿಲ್ಲದೆ ಕೇಳಿಸಿಕೊಂಡ ಪ್ರೇಕ್ಷಕರು ಚರಿತ್ರೆಯಲ್ಲಿ ಅವರೊಬ್ಬರೇ ಇರಬೇಕು.

ಇದರಿಂದ ನನಗಾದ ತೊಂದರೆ ಹುಟ್ಟುಹಬ್ಬದ್ದು. ನನಗೆ ಏನು ಕೊಡಬೇಕೆಂದು ಮನೆಯವರು ತಲೆಕೆಡಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಗಳು ಒಂದು ಲೈವ್ ಆಲ್ಬಂ ತಂದಳು. ಭಾಮೈದ ಒಂದು ತಂದ. ತಂಗಿ ಅಂಚೆಯಲ್ಲಿ ಕಳಿಸಿದಳು. ಮೂರೂ ಒಂದೇ! ರಕ್ಷಾಪುಟದಲ್ಲಿ ಸೂಟು, ಕನ್ನಡಕ, ಗಿಟಾರ್ ಇದ್ದರೆ ಯಾವುದು ವಿಯೆನ್ನಾ ಯಾವುದು ಸಿಡ್ನಿ ಎಂದು ಅವರಿಗಾದರೂ ಹೇಗೆ ಗೊತ್ತಾಗಬೇಕು? ಬದಲಾಯಿಸಿಕೊಳ್ಳಲು ಹೋದರೆ ಅಂಗಡಿಯಾತ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿ, "ನಿಮ್ಮ ಹತ್ತಿರ ಇಲ್ಲದ್ದು ಯಾವುದು?" ಎಂದು ಕೇಳಿದ. ಪಟ್ಟಿ ಹೇಳತೊಡಗಿದೆ. ಹಿಂದೆ ಸಾಲು ಬೆಳೆಯಿತು.

ತಂತಿಯ ದಪ್ಪದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಗಣಿತದಲ್ಲಿ ಆಸಕ್ತಿಯಿರುವ ಅಭಿಮಾನಿಗಳಿಗೆ ಬಿಟ್ಟದ್ದು. ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ ವಾನ್ 13ರ ದಪ್ಪ ತಂತಿ ಕಟ್ಟುತ್ತಿದ್ದ, ಬೊನಮಾಸಾನದು 11, ಆದ್ದರಿಂದ ಆತ್ಮವೂ ಅಷ್ಟು ತೆಳು ಎಂಬುದು ಒಬ್ಬರ ಸಿದ್ಧಾಂತ. ಝೀಝೀ ಟಾಪ್ ತಂಡದ ಗಿಟಾರ್ ವಾದಕ ಬಿಲ್ಲಿ ಗಿಬ್ಬನ್ಸ್ 7ರ ತಂತಿಯಲ್ಲೇ ಲೋಕವನ್ನು ಅಲ್ಲಾಡಿಸಿದ್ದಾನಲ್ಲ ಎಂದರೆ, ಅವನಿಗೆ ಗಡ್ಡವಿದೆ ಎನ್ನುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಪಜೀತಿ ನಡೆದದ್ದು ದಂತವೈದ್ಯರಲ್ಲಿ. ಗಿಟಾರ್ ವಾದಕರು ತಂತಿಯನ್ನು ಬಾಗಿಸುವಾಗ ಮುಖ ಕಿವುಚುವುದನ್ನು ನೀವು ನೋಡಿರಬಹುದು. ಹುಬ್ಬು ಮೇಲೇರುತ್ತದೆ, ಕಣ್ಣು ಮುಚ್ಚುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಸ್ವರ ಏರಿದಷ್ಟೂ ಮುಖ ಕುಗ್ಗುತ್ತದೆ. ಇದು ಕೇಳುಗರಿಗೂ ಅಂಟುವ ಕಾಯಿಲೆ. ನಾನು ಹಲ್ಲು ಸ್ವಚ್ಛ ಮಾಡಿಸಲು ಹೋಗಿ, ಸರದಿಗಾಗಿ ಕಾಯುತ್ತಾ, ಹೆಡ್‌ಫೋನ್ ಹಾಕಿಕೊಂಡು ನಿಧಾನಗತಿಯ ಒಂದು ಬ್ಲೂಸ್ ಕೇಳುತ್ತಿದ್ದೆ. ಗಿಟಾರಿನ ಸೋಲೊ (ಒಂಟಿ ವಾದನ) ಮೇಲೇರತೊಡಗಿತು. ಯಾರೋ ಭುಜ ಮುಟ್ಟಿದರು. ಕಣ್ಣು ತೆರೆದರೆ ಸ್ವಾಗತಕಾರಿಣಿ ನಿಂತಿದ್ದಾರೆ, ಕಾಯುತ್ತಿದ್ದವರೆಲ್ಲ ಮರುಕದಿಂದ ನನ್ನನ್ನೇ ನೋಡುತ್ತಿದ್ದಾರೆ. "ನರಕ್ಕೆ ತಾಗಿರಬೇಕು, ಮೊದಲು ಅವರನ್ನು ಕಳಿಸಮ್ಮ" ಎಂದು ಹಿರಿಯರೊಬ್ಬರು ತಮ್ಮ ಸರದಿಯನ್ನೇ ಬಿಟ್ಟುಕೊಟ್ಟರು. ವಿವರಿಸೋಣವೆಂದರೆ ಸೋಲೊ ಇನ್ನೂ ಮುಗಿದಿರಲಿಲ್ಲ. (ಅವನ ಸೋಲೊ ಬೇಗ ಮುಗಿಯುವುದಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ.) ಕೈ ಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಮಲಗಿಸಿದರು.

ವೈದ್ಯರು ನನ್ನ ಮೊಬೈಲನ್ನು ಪಕ್ಕಕ್ಕಿಡಲು ಎತ್ತಿಕೊಂಡವರು ಪರದೆಯನ್ನು ನೋಡಿದರು. ಮುಖ ಅರಳಿತು. "ಓ, ಬೊನಮಾಸಾ! ಬಾಯಿ ತೆಗೆಯಿರಿ" ಎಂದರು. ಕನ್ನಡಿ, ಕೊಕ್ಕೆ, ನೀರು ಹೀರುವ ಕೊಳವೆ ಎಲ್ಲವೂ ಬಾಯೊಳಗೆ ಸೇರಿದ ಮೇಲೆ ಮಾತು ಮುಂದುವರಿಸಿದರು. "ನಾನೂ ಬಹಳ ಕಾಲದಿಂದ ಕೇಳುತ್ತೇನೆ. ಒಳ್ಳೆಯ ಕಲಾವಿದ. ಆದರೆ ಸ್ವರ ಸ್ವಲ್ಪ ಹೆಚ್ಚಾಯಿತು, ಅಲ್ಲವೇ?"

"ಆಆ" ಎಂದೆ.

"ನೀವೂ ಒಪ್ಪುತ್ತೀರಿ. ಸಂತೋಷ."

ದವಡೆಯ ಎಡಭಾಗ ಮುಗಿಯುವಷ್ಟರಲ್ಲಿ ಗಿಟಾರ್‌ಗಳ ಸಂಗ್ರಹ, ಸೂಟು, ದುಃಖದ ಕೊರತೆ ಎಲ್ಲವೂ ಬಂದುಹೋದವು. ಬಲಭಾಗಕ್ಕೆ ಬರುವಾಗ, "ಆಲ್ಬರ್ಟ್ ಹಾಲ್‌ನಲ್ಲಿ ಅವತ್ತು ಕ್ಲಾಪ್ಟನ್ ಬಂದು ಮಾನ ಉಳಿಸಿದರು" ಎಂದರು. ಇದನ್ನು ಸಹಿಸುವುದು ಸಾಧ್ಯವಿರಲಿಲ್ಲ. ಕೈ ಎತ್ತಿದೆ. ಆ ಕುರ್ಚಿಯಲ್ಲಿ ಕೈ ಎತ್ತಿದರೆ ನೋವಾಗುತ್ತಿದೆ ಎಂದೇ ಅರ್ಥ. "ಅಯ್ಯೋ, ಮೊದಲೇ ಹೇಳಬಾರದೇ?" ಎಂದವರು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೇಬಿಟ್ಟರು.

ಕೊಳವೆಗಳೆಲ್ಲ ಹೊರಬಂದ ಮೇಲಾದರೂ ನ್ಯಾಯ ಒಪ್ಪಿಸಬೇಕೆಂದು ಎದ್ದು ಕೂತೆ. "ಬೊಬ್ಬಬ್ಬಾಫಾ" ಎಂಬಲ್ಲಿಗೆ ನನ್ನ ವಾದ ನಿಂತುಹೋಯಿತು. ತುಟಿ ನನ್ನದಾಗಿ ಉಳಿದಿರಲಿಲ್ಲ. ವೈದ್ಯರು ಕೈಗವಸು ಕಳಚುತ್ತಾ, "ಇನ್ನೊಂದು ಸಿಟಿಂಗ್ ಬೇಕಾಗುತ್ತದೆ. ಮುಂದಿನ ವಾರ ಬನ್ನಿ, ಬೀಕನ್ ಥಿಯೇಟರ್ ಬಗ್ಗೆ ಮಾತನಾಡೋಣ" ಎಂದರು. ನನ್ನ ಕಡೆಯ ಅಂಶಗಳನ್ನೆಲ್ಲ ಈ ಸಲ ಕಾಗದದಲ್ಲಿ ಬರೆದುಕೊಂಡು ಹೋಗುವವನಿದ್ದೇನೆ.