ಪರ-ವಿರೋಧ: ಹದಿಹರೆಯದವರಿಗೆ ಮದ್ಯದ ತಿಳಿವಳಿಕೆ ಕೊಡುವುದು ಕುಟುಂಬ ವೈದ್ಯರ ಕೆಲಸವೇ?

ಪರ: ಆ ಐದು ನಿಮಿಷ ನಮಗೆ ಸಿಗುತ್ತದೆ
(ತಾಲ್ಲೂಕು ಕೇಂದ್ರವೊಂದರ ಕುಟುಂಬ ವೈದ್ಯ)

ಪಿಯುಸಿ ಓದುವ ಹುಡುಗರು ಜ್ವರ, ಹೊಟ್ಟೆನೋವು ಎಂದು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಜೊತೆಗೆ ತಾಯಿ ಇದ್ದೇ ಇರುತ್ತಾರೆ. ಔಷಧ ಬರೆದಾದ ಮೇಲೆ "ಅಮ್ಮಾ, ಸ್ವಲ್ಪ ಹೊರಗೆ ಕುಳಿತಿರಿ" ಎಂದರೆ ಅವರು ಬೇಸರಪಡುವುದಿಲ್ಲ. ಆ ಹುಡುಗನಿಗೆ ದಡಾರದ ಚುಚ್ಚುಮದ್ದು ಹಾಕಿದವನೂ ನಾನೇ. ಈ ಸಲಿಗೆ ಮೇಷ್ಟರಿಗಿಲ್ಲ, ಪೊಲೀಸರಿಗಂತೂ ಇಲ್ಲ. ಮೊದಲು ಗೆಳೆಯರ ಬಗ್ಗೆ ಕೇಳುತ್ತೇನೆ: ಅವರಲ್ಲಿ ಯಾರಾದರೂ ಕುಡಿಯುತ್ತಾರೆಯೇ? ಮಾತು ತಾನಾಗಿ ಅವನ ಕಡೆಗೆ ತಿರುಗುತ್ತದೆ.

ಕುಡಿಯಬೇಡ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಲೆಕ್ಕ ಬಿಡಿಸಿ ಹೇಳುವವರಿಲ್ಲ. ಬಿಯರ್ ಕುಡಿದರೆ ಏನೂ ಆಗುವುದಿಲ್ಲ ಎಂದು ಹುಡುಗರು ನಿಜವಾಗಿಯೂ ನಂಬಿದ್ದಾರೆ. ಶೇ 7ರಷ್ಟು ಆಲ್ಕೋಹಾಲ್ ಇರುವ 650 ಮಿಲಿಲೀಟರ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 36 ಗ್ರಾಂ ಆಲ್ಕೋಹಾಲ್ ಇರುತ್ತದೆ. 90 ಮಿಲಿಲೀಟರ್ ವಿಸ್ಕಿಯಲ್ಲಿರುವುದು ಸುಮಾರು 30 ಗ್ರಾಂ. ಔಷಧದ ಚೀಟಿಯ ಹಿಂಬದಿಯಲ್ಲಿ ಇದನ್ನು ಬರೆದು ತೋರಿಸಿದಾಗ ಅವರ ಮುಖ ಬದಲಾಗುವುದನ್ನು ಕಂಡಿದ್ದೇನೆ. ಲಿವರ್ ಕೆಡುತ್ತದೆ ಎಂದರೆ ಹಾಗೆ ಬದಲಾಗುವುದಿಲ್ಲ. ಹದಿನೇಳರ ಹುಡುಗನಿಗೆ ಐವತ್ತರ ಲಿವರ್ ಬಹಳ ದೂರ.

ಇನ್ನೊಂದು ಮಾತನ್ನು ತಪ್ಪದೆ ಹೇಳುತ್ತೇನೆ. ಕುಡಿದು ಪ್ರಜ್ಞೆ ತಪ್ಪಿದ ಗೆಳೆಯನನ್ನು ಅಂಗಾತ ಮಲಗಿಸಬೇಡ, ಮಗ್ಗುಲಾಗಿ ಮಲಗಿಸು, ಒಬ್ಬನನ್ನೇ ಬಿಟ್ಟು ಹೋಗಬೇಡ, 108ಕ್ಕೆ ಕರೆ ಮಾಡು. ವಾಂತಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣವೇ ಹೋಗಬಹುದು. ಇದು ಕುಡಿಯಲು ಅನುಮತಿ ಕೊಟ್ಟಂತೆ ಎಂದು ಆಕ್ಷೇಪಿಸುವ ಪೋಷಕರಿದ್ದಾರೆ. ನಾನು ಒಪ್ಪುವುದಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.3ರಷ್ಟು ಮಂದಿ ಮದ್ಯ ಸೇವಿಸುತ್ತಿದ್ದರು. ಅವರು ಯಾರ ಅನುಮತಿಗೂ ಕಾದಿರಲಿಲ್ಲ.

ವಿರೋಧ: ಪರದೆಯ ಆಚೆ ಅಮ್ಮ ಕುಳಿತಿದ್ದಾರೆ
(ಪ್ರೌಢಶಾಲಾ ಶಿಕ್ಷಕಿ)

ವೈದ್ಯರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ನಮ್ಮೂರ ಕ್ಲಿನಿಕ್ಕಿನಲ್ಲಿ ಒಳಕೋಣೆಗೆ ಗೋಡೆಯಿಲ್ಲ, ಬಟ್ಟೆಯ ಪರದೆಯಿದೆ. ಆಚೆಯ ಬೆಂಚಿನಲ್ಲಿ ತಾಯಿಯ ಜೊತೆ ಅರ್ಧ ಬೀದಿಯೇ ಕುಳಿತಿರುತ್ತದೆ. ಡಾಕ್ಟರು ಅಪ್ಪನ ಗೆಳೆಯ. ಹುಡುಗ ಅಲ್ಲಿ ಬಾಯಿ ಬಿಡುತ್ತಾನೆಯೇ? ಹುಡುಗಿಯಾದರೆ ಆ ಪ್ರಶ್ನೆ ಕೇಳಿದ್ದೇ ಊರಿಗೆಲ್ಲ ಸುದ್ದಿ.

ಈ ಮಾತುಕತೆಯಿಂದ ಫಲವಿದೆ ಎನ್ನುವುದಾದರೂ ಖಚಿತವೇ? ರೋಗ ತಡೆಯ ಬಗ್ಗೆ ಅಮೆರಿಕದ ವೈದ್ಯರಿಗೆ ಶಿಫಾರಸು ಮಾಡುವ ತಜ್ಞರ ಕಾರ್ಯಪಡೆ 2018ರಲ್ಲಿ ವಯಸ್ಕ ರೋಗಿಗಳನ್ನು ಕುಡಿತದ ಬಗ್ಗೆ ವಿಚಾರಿಸಿ, ಅತಿಯಾಗಿ ಕುಡಿಯುವವರಿಗೆ ಸಲಹೆ ಕೊಡಿ ಎಂದಿತು. 12ರಿಂದ 17 ವರ್ಷದವರ ವಿಷಯದಲ್ಲಿ ಮಾತ್ರ ಲಾಭ-ಹಾನಿ ತೂಗಿ ನೋಡಲು ಪುರಾವೆ ಸಾಲದು ಎಂದಿತು. ಒಬ್ಬೊಬ್ಬ ರೋಗಿಗೆ ಸಾಕಷ್ಟು ಸಮಯ ಕೊಡುವ ದೇಶದ ಮಾತು ಇದು. ಇಲ್ಲಿ ಸಂಜೆಗೆ ಅರವತ್ತು ಟೋಕನ್.

ಕೂಲಿ ಮಾಡುವವರ ಮಕ್ಕಳಿಗೆ ಕುಟುಂಬ ವೈದ್ಯರೆಂಬವರೇ ಇಲ್ಲ. ಅವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಿವೆ, ಮಾನಸಿಕ ಆರೋಗ್ಯದ ಸಹಾಯವಾಣಿಯಾದ 14416 ಸಂಖ್ಯೆಯ ಟೆಲಿ ಮಾನಸ್ ಇದೆ. ಹೆಸರು ಹೇಳದೆ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನಾವು ಹೇಳಲಿಲ್ಲ, ಅದು ನಮ್ಮ ತಪ್ಪು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಭಾನುವಾರದ ಬಾಡೂಟಕ್ಕೆ ಮುನ್ನ ಮಗನ ಕೈಗೆ ದುಡ್ಡು ಕೊಟ್ಟು ಕ್ವಾರ್ಟರ್ ತರಲು ಕಳಿಸುವ ತಂದೆಯರನ್ನು ನಾನು ಬಲ್ಲೆ. ರಾಜ್ಯದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ವಯಸ್ಸಿನ ಮಿತಿಯನ್ನು 18ಕ್ಕೆ ಇಳಿಸಲು ಸರ್ಕಾರವೇ 2023ರ ಜನವರಿಯಲ್ಲಿ ಕರಡು ಹೊರಡಿಸಿ, ವಿರೋಧ ಬಂದಾಗ ಹಿಂದೆಗೆದುಕೊಂಡಿತು. ಮಗುವಿನ ಕೈಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಆದರೂ ಅಂಗಡಿಯವನು ವಯಸ್ಸು ಕೇಳುವುದಿಲ್ಲ. ಅವನನ್ನೂ ಆ ತಂದೆಯನ್ನೂ ಬಿಟ್ಟು, ಜ್ವರಕ್ಕೆಂದು ಬಂದ ಹುಡುಗನಿಗೆ ಪಾಠ ಮಾಡಬೇಕೇ?

ಶಾಲೆಯಿಂದ ಬಸ್ ನಿಲ್ದಾಣಕ್ಕೆ ಮಕ್ಕಳು ನಡೆಯುವ ದಾರಿಯಲ್ಲಿ ಎರಡು ವೈನ್ ಶಾಪ್‌ಗಳಿವೆ. ಕ್ಲಿನಿಕ್ ಇರುವುದು ಒಂದು, ಅದರ ಬಾಗಿಲು ತೆರೆಯುವುದು ಸಂಜೆ ಆರಕ್ಕೆ.